ಹೊಕ್ಕುಳ ಬಳ್ಳಿ ಬೀಳುವ ಮುನ್ನ

ಮಗಳೇ ಸ್ನೆಗುಗು,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನಿಜ ಹೇಳಿಬಿಡುತ್ತೇನೆ. ಮಗು ಹುಟ್ಟಿದ ನಾಲ್ಕನೇ ದಿನ ನಿನ್ನ ಅತ್ತೆ ಮಾಜೋಬೆ ಬಾಗಿಲಲ್ಲೇ ತಡೆದು, "ಈ ವಾರ ಹೆಣ ಏನಾದ್ರೂ ಮುಟ್ಟಿದ್ದೀರಾ, ಬೀಗ್ತಿ?" ಎಂದು ಕೇಳಿದರು. ಇಲ್ಲ ಎಂದೆ. ಆ ಬೆಳಿಗ್ಗೆಯೇ ಶವಾಗಾರದಲ್ಲಿ, ಕೊಲೆಯಾದ ಮುದುಕನೊಬ್ಬನ ಮುಷ್ಟಿ ಬಿಡಿಸಿ ಬಂದಿದ್ದೆ. ಮೂರು ಸಲ ಸೋಪು ಹಾಕಿ ಕೈ ತೊಳೆದಿದ್ದೆ, ಸಾಕು ಅಂದುಕೊಂಡೆ. ಹೊಕ್ಕುಳ ಬಳ್ಳಿ ಇನ್ನೂ ಬೀಳದ ಕೂಸನ್ನು ಎತ್ತಿಕೊಂಡೆ.

ಮರುದಿನ ಕೂಸಿಗೆ ಜ್ವರ. ಡಾಕ್ಟರು ಸೋಂಕು ಎಂದರು, ಮಾಜೋಬೆ ಸಾವಿನ ನೆರಳು ಎಂದರು. ಪತ್ರಿಕೆಯಲ್ಲಿ ಆ ಮುದುಕನ ಸುದ್ದಿಯ ಜೊತೆ ನನ್ನ ಹೆಸರು ನೋಡಿ ಆಸ್ಪತ್ರೆಯ ವರಾಂಡದಲ್ಲೇ ಕೂಗಿದರು: "ಪೊಲೀಸಮ್ಮಂಗೆ ಸುಳ್ಳು ಹಿಡಿಯೋಕೆ ಮಾತ್ರ ಬರುತ್ತೆ ಅಂದ್ಕೊಂಡಿದ್ದೆ!" ನೀನು ಗೋಡೆಯ ಕಡೆ ತಿರುಗಿಕೊಂಡೆ. ನೆರಳಿನ ಮಾತನ್ನು ನಾನು ನಂಬುತ್ತೇನೋ ಇಲ್ಲವೋ ನನಗೇ ತಿಳಿಯದು. ಡಾಕ್ಟರೇ ತಪ್ಪಿದ್ದರೆ ಎಂದು ಯೋಚಿಸಿದಾಗ ಮಾತ್ರ ಎದ್ದು ಹೋಗಿ ಮತ್ತೆ ಕೈ ತೊಳೆಯುತ್ತೇನೆ.

ಈ ಪೊಲೀಸ್ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಹೀಗೇ ಆಯಿತು. ನೀನು ಪ್ರಾಯಕ್ಕೆ ಬಂದೆ ಎಂದು ಊರಿಗೆ ಸಾರುವ ನಿನ್ನ ಉಮೆಮುಲೊ ಹಬ್ಬದ ದಿನ ಹಿರಿಯರು ಹಸುವಿನ ಕೊಬ್ಬಿನ ಪೊರೆಯನ್ನು ನಿನ್ನ ಹೆಗಲಿಗೆ ಹೊದಿಸುವಾಗ ನಾನು ಪೈನ್‌ಟೌನ್‌ನ ಚರಂಡಿಯೊಂದರಲ್ಲಿ ಮೊಣಕಾಲುದ್ದ ಕೊಚ್ಚೆಯಲ್ಲಿ ನಿಂತು ಕೊಲೆಯೊಂದರ ಚಾಕು ಹುಡುಕುತ್ತಿದ್ದೆ. ಚಾಕು ಸಿಕ್ಕಿತು. ಮನೆಗೆ ಬಂದಾಗ ನೀನು ಮಲಗಿದ್ದೆ, ನಿನ್ನಪ್ಪ ಬಟ್ಟೆ ಕಟ್ಟಿಕೊಂಡು ಹೋಗಿಯಾಗಿತ್ತು.

ಏಳು ದಿನ ಸಾವಿನ ಹತ್ತಿರ ಸುಳಿಯದೆ, ಬೇರಿನ ನೀರಲ್ಲಿ ಮಿಂದು, ಮೇಕೆ ಕೊಯ್ಸಿ ಬಂದರೆ ಬಾಗಿಲು ತೆರೆಯುವುದಾಗಿ ಮಾಜೋಬೆ ಹೇಳಿಕಳಿಸಿದರು. ರಜೆ ಹಾಕಿ ತಂಗಿಯ ಮನೆ ಸೇರಿದೆ. ಐದು ದಿನ ಕಳೆಯಿತು.

ಇವತ್ತು ಕಬ್ಬಿನ ಗದ್ದೆಯಲ್ಲಿ, ಕಾಣೆಯಾಗಿದ್ದ ಏಳು ವರ್ಷದ ಹುಡುಗಿಯೊಬ್ಬಳ ಹೆಣ ಸಿಕ್ಕಿತು. ಎರಡು ತಿಂಗಳಿಂದ ದಿನಾ ಠಾಣೆಗೆ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದ ಅವಳ ತಾಯಿ ಗದ್ದೆಯಂಚಿನಿಂದ ಫೋನ್ ಮಾಡಿದಳು. "ಯಾರ್ಗೂ ಮುಟ್ಟೋಕೆ ಬಿಟ್ಟಿಲ್ಲ ಅಕ್ಕಾ, ಅಡ್ಡ ಕೂತಿದ್ದೀನಿ. ನೀವೇ ಬನ್ನಿ." ಬೇರೆಯವರನ್ನು ಕಳಿಸುತ್ತೇನೆ ಎನ್ನಲು ಬಾಯಿ ತೆರೆದೆ. ಬರುತ್ತೇನೆ ಎಂದೆ.

ನನ್ನ ಏಳು ದಿನಗಳ ಎಣಿಕೆ ಇನ್ನು ಮೊದಲಿನಿಂದ, ಗುಗು. ಆದರೆ ನನ್ನನ್ನು ನಾನು ಬಲ್ಲೆ. ಕೂಸು ಆಸ್ಪತ್ರೆಯಿಂದ ಮನೆಗೆ ಬಂತೆಂದು ಕೇಳಿದರೆ ಎರಡೇ ದಿನಕ್ಕೆ ನಿಮ್ಮ ಗೇಟಿಗೆ ಓಡಿ ಬರುತ್ತೇನೆ. ಯಾವ ಹೆಣವನ್ನೂ ಮುಟ್ಟಿಲ್ಲ ಎಂದು ಆಣೆ ಇಡುತ್ತೇನೆ, ಅಳುತ್ತೇನೆ. ನಂಬಬೇಡ. ಬೀಗ ತೆಗೆಯಬೇಡ.

ಕೂಸಿನ ಮೈ ತಣ್ಣಗಾಗಲಿ. ನಿನಗೆ ಹಾಲು ಹೆಚ್ಚಲಿ.

ಗೇಟಿನ ಆಚೆಯೇ ಇರಬೇಕಾದ ನಿನ್ನ ತಾಯಿ,
ಬೊಂಗೆಕಿಲೆ