ದಾರ್ಬೊ ಖಾಲಿ ಬಿಟ್ಟ ಪುಟ

ತೇಲೂರು, ಕಡಲು ಒಳಬಂದ ನೂರಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳು

ಅಂಕೋಲೆಯ ಮೋಹಿನಿ ನಾಯಕ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ ಹುಟ್ಟಿದವಳು ನಾನು. ದಾರ್ಬೊ ಅವರ ಪುಸ್ತಕವನ್ನು ನೀವೀಗ ಕನ್ನಡಕ್ಕೆ ತರುತ್ತಿದ್ದೀರಿ, ಕೊನೆಯ ಪುಟಕ್ಕೆ ಬಂದಿದ್ದೀರಿ. ಪೆನ್ನು ಕೆಳಗಿಟ್ಟು ನಿನ್ನೆ ಇಲ್ಲಿ ನಡೆದದ್ದನ್ನು ಕೇಳಿ.

ನಮ್ಮದು ಕಡಲು ನೆಲವನ್ನು ನುಂಗಿದ ಮೇಲೆ ದೋಣಿಗಳನ್ನು ಬೆಸೆದು ಕಟ್ಟಿಕೊಂಡ ಊರು. ಬೆಳಿಗ್ಗೆ ಉಪ್ಪುನೀರನ್ನು ಸಿಹಿ ಮಾಡುವ ಸರದಿ, ಮಧ್ಯಾಹ್ನ ಪಾಚಿಯ ರೊಟ್ಟಿ, ಸಂಜೆ ಓದುಹಲಗೆ. ಓದುಹಲಗೆಯೆಂದರೆ ಊರವರೆಲ್ಲ ಕೂತು ಪುಸ್ತಕ ಕೇಳುವ ಅಗಲವಾದ ತೆಪ್ಪ. ಅಲ್ಲಿ ಓದುವುದು ದಾರ್ಬೊ ಅವರನ್ನೇ. ಕೆರಿಬಿಯನ್ ದ್ವೀಪವೊಂದರ ಕಬ್ಬಿನ ತೋಟದಲ್ಲಿ ಹುಟ್ಟಿ, ಬಿಳಿಯ ದೊರೆಗಳನ್ನು ಎದುರು ಹಾಕಿಕೊಂಡು ಜೈಲು ಸೇರಿದ ಆ ಮನುಷ್ಯನಿಂದಲೇ ನಮ್ಮ ಹಿರಿಯರು ಉಳಿದ ದಡವನ್ನು ಆಳುವ ಕಂಪನಿಗೆ ತಲೆಬಾಗದೆ ಬದುಕುವುದನ್ನು ಕಲಿತರು. ದೊರೆಯನ್ನು ಪ್ರಶ್ನಿಸಿದವರು ನನ್ನನ್ನೂ ಪ್ರಶ್ನಿಸಲಿ ಎಂದು ಅವರು ಕೊನೆಯ ಪುಟವನ್ನು ಖಾಲಿ ಬಿಟ್ಟಿದ್ದರೆಂದು ನಿಮ್ಮ ಮುನ್ನುಡಿಯೇ ಹೇಳುತ್ತದೆ. ಆದರೆ ಅಚ್ಚಿನ ತಪ್ಪೆಂದು ಓದುಗರು ತಿಳಿದಾರೆಂದು ಹೆದರಿ, ಶಾಲೆಯ ಪಠ್ಯಗಳಲ್ಲಿ ಪಾಠದ ಕೊನೆಗೆ ಕೊಡುವ ಹಾಗೆ, ನೀವು ಅಲ್ಲಿ ಮಾದರಿ ಪ್ರಶ್ನೆಗಳನ್ನು ಬರೆದುಕೊಟ್ಟಿರಿ. ಅವನ್ನೇ ಬಾಯಿಪಾಠ ಮಾಡಿ, ಓದು ಮುಗಿದೊಡನೆ ಎಲ್ಲರೂ ಎದ್ದು ಒಕ್ಕೊರಲಿನಿಂದ ಕೇಳುತ್ತೇವೆ. ಇದಕ್ಕೆ ಎದುರೋದು ಎಂದು ಹೆಸರು.

ನಿನ್ನೆ ನನ್ನ ಮೊಮ್ಮಗಳು ತಾರಿಣಿ, ಎಲ್ಲರೂ ಕೂತ ಮೇಲೂ ನಿಂತೇ ಇದ್ದಳು. "ದಾರ್ಬೊ ಅಜ್ಜ ಜೈಲಲ್ಲಿದ್ದಾಗ ಅವ್ರ ಮಕ್ಕಳಿಗೆ ಅನ್ನ ಹಾಕಿದ್ದು ಯಾರು? ಅವರ ಹೆಸರು ಯಾಕಿಲ್ಲ ಪುಸ್ತಕದಲ್ಲಿ?" ಎಂದಳು. ಓದು ನಡೆಸುವ ಹಮ್ಮಣ್ಣ ನನ್ನ ಸ್ವಂತ ತಮ್ಮ, ಅವಳನ್ನು ಎತ್ತಿ ಆಡಿಸಿದವನು. ಅವನು, "ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳೋದು ದಾರ್ಬೊಗೆ ಮಾಡೋ ಅವಮಾನ. ತಪ್ಪಾಯ್ತು ಅನ್ನು" ಎಂದ. ಅನ್ನದಿದ್ದರೆ ನಾಳೆ ಅವಳನ್ನು ದಡಕ್ಕೆ ಬಿಟ್ಟು ಬರುತ್ತಾರೆ. ದಡದಲ್ಲಿ ಕಂಪನಿಯ ಕೂಲಿಶಿಬಿರ ಬಿಟ್ಟರೆ ಏನೂ ಇಲ್ಲ. ತಲೆಯೆತ್ತಲು ಕಲಿಸಿದ ಪುಸ್ತಕವನ್ನೇ ಹಿಡಿದು ಒಂದು ಎಳೆ ಹುಡುಗಿಯ ಬಾಯಿ ಮುಚ್ಚಿಸಲು ಹೊರಟಿದ್ದಾರಲ್ಲ, ಇದನ್ನು ನಾನು ಕಣ್ಣಾರೆ ಕಂಡೆನೇ ಎಂದು ಈಗಲೂ ನಂಬಲಾಗುತ್ತಿಲ್ಲ. ತಪ್ಪಾಯ್ತು ಎನ್ನುವುದಿಲ್ಲ ಎಂದು ತಾರಿಣಿ ಹಟ ಹಿಡಿದು ಕೂತಿದ್ದಾಳೆ.

ಮೋಹಿನಿಯವರೇ, ನಿಮ್ಮ ಮನಸ್ಸು ಒಳ್ಳೆಯದೇ, ಬೈಯಲು ಬರೆದದ್ದಲ್ಲ. ಆ ಪ್ರಶ್ನೆಗಳನ್ನು ಹೊಡೆದುಹಾಕಿ, ಆಗ ಪುಸ್ತಕದಲ್ಲಿಲ್ಲದ ಪ್ರಶ್ನೆ ಎಂದು ಯಾರ ಬಾಯನ್ನೂ ಮುಚ್ಚಿಸಲಾಗದು. ಅಚ್ಚಿನವರು ಕೇಳಿದರೆ ಪುಟ ಖಾಲಿಯೇ ಇರಲಿ ಎನ್ನಿ. ಮೊದಲು ನನಗೆ ಬೇರೆಯೇ ಆಸೆ ಹುಟ್ಟಿತ್ತು: ತಾರಿಣಿಯ ಪ್ರಶ್ನೆಯನ್ನೂ ಅಲ್ಲಿ ಸೇರಿಸಿಬಿಡಿ ಎಂದು ನಿಮ್ಮ ಕಾಲು ಹಿಡಿಯುವುದು. ಸೇರಿಸಿದರೆ ಅದು ಪುಸ್ತಕದ ಪ್ರಶ್ನೆಯಾಗುತ್ತದೆ, ನಾಳೆ ಅವಳು ನನ್ನ ಬಳಿಯೇ ಉಳಿಯುತ್ತಾಳೆ. ಉಳಿದು, ಎಲ್ಲರ ಜೊತೆ ಎದ್ದು, ಅದನ್ನೂ ಬಾಯಿಪಾಠ ಒಪ್ಪಿಸಿ ಕೂರುತ್ತಾಳೆ.

ಬರೆಯಬೇಡಿ. ಅದನ್ನು ಅವಳೇ ಕೇಳಲಿ.

ತಾರಿಣಿಯ ಅಜ್ಜಿ,
ದುರ್ಗಿ