ನಾಲ್ಕು ನಿಮಿಷ ತಲೆ ತಗ್ಗಿಸಿದ ಅಪರಾಧ

ದೂರಶಿಕ್ಷಣ ನರ್ಸಿಂಗ್ ಪದವಿಯ ಪರೀಕ್ಷಾ ಶಿಸ್ತು ವಿಭಾಗದ ಮುಖ್ಯಸ್ಥರ ಗಮನಕ್ಕೆ

ಮಾನ್ಯರೇ,

ನನ್ನ ಅಕ್ಕನ ಮಗಳು ರೀಥಾಳ ದಾಖಲೆಯಲ್ಲಿ ನೀವು ‘ಅಪ್ರಾಮಾಣಿಕತೆ’ ಎಂದು ಬರೆದಿದ್ದೀರಿ. ಅವಳು ಮಾಡಿದ್ದಿಷ್ಟೇ: ಪರೀಕ್ಷೆ ಬರೆಯುತ್ತಿದ್ದಾಗ ಪಕ್ಕದ ರಸ್ತೆಯಲ್ಲಿ ಒಂದು ಶವಯಾತ್ರೆ ಹೋಯಿತು, ಅದು ದಾಟುವವರೆಗೆ ತಲೆ ತಗ್ಗಿಸಿ ಕೂತಳು. ಆ ಪದವನ್ನು ಅಳಿಸಿ ಎಂದು ಕೇಳಲು ಈ ಪತ್ರ. ಮೊದಲು ನಿಮಗೇ ನೇರವಾಗಿ ಎರಡು ಪತ್ರ ಬರೆದೆ. ಎರಡಕ್ಕೂ ನಿಮ್ಮ ಯಂತ್ರ ಧನ್ಯವಾದ ಹೇಳಿತು. ಹಾಗಾಗಿ ಮೂರನೆಯದನ್ನು ನಮ್ಮ ಊರಿನ ವಾರಪತ್ರಿಕೆಗೆ ಕೊಟ್ಟಿದ್ದೇನೆ. ಇದನ್ನು ಓದುವವರೆಲ್ಲ ಮನುಷ್ಯರೇ ಎಂಬ ಅನುಕೂಲ ಇಲ್ಲಿದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಕೆಂಟಕಿಯ ಪೂರ್ವದ ಬೆಟ್ಟಗಳಲ್ಲಿ, ಮಡ್ಡಿ ಫೋರ್ಕ್ ಎಂಬ ಕಣಿವೆಯಲ್ಲಿ ಹುಟ್ಟಿ, ಎಂಟನೇ ತರಗತಿವರೆಗೆ ಓದಿ, ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಗೆ ಇಳಿದವನು ನಾನು. ಆದರೂ ಮನುಷ್ಯನ ದೇಹದ ಇನ್ನೂರಾರು ಮೂಳೆಗಳ ಹೆಸರನ್ನು ಕಾಲಿನ ಬೆರಳಿನಿಂದ ತಲೆಬುರುಡೆವರೆಗೆ, ಬೇಕಾದರೆ ತಲೆಬುರುಡೆಯಿಂದ ಕೆಳಕ್ಕೂ, ಉಸಿರು ಕಟ್ಟದೆ ಹೇಳಬಲ್ಲೆ. ನನ್ನ ಶ್ವಾಸಕೋಶದ ಸ್ಥಿತಿ ಬಲ್ಲವರಿಗೆ ಇದು ಎಷ್ಟು ದೊಡ್ಡ ಸಾಧನೆ ಎಂದು ಗೊತ್ತು. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಹೊಸ ವೈದ್ಯನೊಬ್ಬ ನನಗೆ ಮಾತ್ರೆ ಬರೆದಾಗ, ಅದು ಯಾವ ಗುಂಪಿನ ಔಷಧ, ಅದರಿಂದ ಮೂತ್ರಪಿಂಡಕ್ಕೆ ಏನಾಗಬಹುದು ಎಂದು ನಾನೇ ಅವನಿಗೆ ವಿವರಿಸಿದೆ. ಅವನು ಚೀಟಿ ವಾಪಸ್ ತೆಗೆದುಕೊಂಡು ಇನ್ನೊಮ್ಮೆ ಓದಿದ. ಇದೆಲ್ಲ ನನಗೆ ಬಂದದ್ದು ನಿಮ್ಮ ಪಠ್ಯದಿಂದಲೇ. ಎರಡೂವರೆ ವರ್ಷ ರೀಥಾಳಿಗೆ ಪ್ರಶ್ನೆ ಕೇಳುವ ಕೆಲಸ ನನ್ನದಾಗಿತ್ತು.

ರೀಥಾ ಹದಿನಾಲ್ಕು ವರ್ಷದಿಂದ ಇಲ್ಲಿನ ವೃದ್ಧರ ಆರೈಕೆ ಮನೆಯಲ್ಲಿ ಕಿರಿಯ ನರ್ಸ್. ಮುದುಕಿಯೊಬ್ಬಳ ಉಸಿರಾಟ ಬದಲಾಗಿದ್ದನ್ನು ಬಾಗಿಲಲ್ಲಿ ನಿಂತೇ ಗುರುತಿಸುತ್ತಾಳೆ. ಆದರೆ ಅದನ್ನು ತನ್ನ ತೀರ್ಮಾನವೆಂದು ಬರೆಯುವ ಅಧಿಕಾರ ಅವಳಿಗಿಲ್ಲ. ಪದವಿ ಇರುವ ನೋಂದಾಯಿತ ನರ್ಸ್ ಬಂದು ನೋಡಿ ಸಹಿ ಹಾಕಬೇಕು. ಆ ನರ್ಸ್ ಮೂರು ಆರೈಕೆ ಮನೆಗಳಿಗೆ ಒಬ್ಬಳೇ. ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಒಬ್ಬ ಮುದುಕ, ಸಹಿ ನಲವತ್ತು ಮೈಲಿ ದೂರದಲ್ಲಿದ್ದಾಗ, ರೀಥಾಳ ಕೈ ಹಿಡಿದುಕೊಂಡೇ ತೀರಿಕೊಂಡ. ಮಾರನೆಯ ವಾರ ಅವಳು ನಿಮ್ಮ ಕೈಪಿಡಿ ತರಿಸಿದಳು.

ಕೈಪಿಡಿಯ ಮೊದಲ ಪುಟದಲ್ಲಿ ನೀವು ಬರೆದಿದ್ದೀರಿ: ‘ನೀವು ಎಲ್ಲೇ ಇರಿ, ನಮ್ಮ ಬಾಗಿಲು ಅಲ್ಲಿಗೇ ಬರುತ್ತದೆ.’ ಮೊದಲು ಪ್ರವೇಶ ಪರೀಕ್ಷೆ. ಆಮೇಲೆ ಸವಾಲು ಪರೀಕ್ಷೆಗಳು, ಅಂದರೆ ತರಗತಿಗೆ ಕೂರದೆ, ‘ಈ ವಿಷಯ ನನಗೆ ಬರುತ್ತದೆ, ಬೇಕಾದರೆ ಕೇಳಿ ನೋಡಿ’ ಎಂದು ಎದೆ ತಟ್ಟಿ ಬರೆಯುವಂಥವು. ಹೆಸರು ಕೇಳಿದಾಗಲೇ ನನಗೆ ಖುಷಿಯಾಯಿತು. ಕೊನೆಗೂ ನಮ್ಮ ಸ್ವಭಾವಕ್ಕೆ ಒಪ್ಪುವ ಶಾಲೆಯೊಂದು ಸಿಕ್ಕಿತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ಅದೇ ಊರಿನಲ್ಲಿ ಕ್ಷೌರಕ್ಕೆ ಹೋಗಲೂ ನನಗೆ ಮನಸ್ಸಾಗುವುದಿಲ್ಲ.

ಅವಳು ಓದಿದ್ದು ಹೇಗೆಂದು ನಿಮಗೆ ಗೊತ್ತಿರಲಿ. ಕೆಲಸ ಮುಗಿಸಿ ಬಂದವಳು ನನ್ನ ಅಡುಗೆಮನೆಯಲ್ಲಿ ಬೀನ್ಸ್ ಬೇಯಲಿಟ್ಟು, ಮೆಕ್ಕೆಜೋಳದ ರೊಟ್ಟಿಗೆ ಹಿಟ್ಟು ಕಲಸುತ್ತ ಉತ್ತರ ಹೇಳುತ್ತಿದ್ದಳು. ನಾನು ಪ್ರಶ್ನೋತ್ತರದ ಚೀಟಿ ಹಿಡಿದು ನ್ಯಾಯಾಧೀಶನಂತೆ ಕೂತಿರುತ್ತಿದ್ದೆ.

“ಮೂತ್ರ ಹೋಗೋ ಮಾತ್ರೆ ಕೊಡೋ ಮುಂಚೆ ಏನೇನು ನೋಡ್ತೀಯ?”

“ರಕ್ತದೊತ್ತಡ. ಪೊಟ್ಯಾಸಿಯಂ.”

“ಮತ್ತೆ?”

“ಬಚ್ಚಲು ಎಷ್ಟು ದೂರ ಇದೆ ಅಂತ.”

“ಚೀಟೀಲಿ ಅದಿಲ್ಲ ಕಣೇ.”

“ಚೀಟಿ ಬರೆದೋನು ಯಾವತ್ತೂ ಹಾಸಿಗೆ ಬದಲಾಯಿಸಿಲ್ಲ ಬಿಡು, ಮಾವ.”

ಹೀಗೆ ಓದಿಯೇ ಅವಳು ಪ್ರವೇಶ ಪರೀಕ್ಷೆ ಗೆದ್ದಳು, ಅಂಗರಚನೆ ಗೆದ್ದಳು, ಸೂಕ್ಷ್ಮಜೀವಿ ಗೆದ್ದಳು, ಮನಶ್ಶಾಸ್ತ್ರವನ್ನೂ ಗೆದ್ದಳು. ಉಳಿದದ್ದು ಔಷಧಶಾಸ್ತ್ರ ಒಂದೇ. ಇಷ್ಟರಲ್ಲಿ ನೀವು ನಿಯಮ ಬದಲಾಯಿಸಿದಿರಿ. ಮೊದಲ ಮೂರನ್ನು ಅವಳು ಪಟ್ಟಣದ ಪರೀಕ್ಷಾ ಕೇಂದ್ರದಲ್ಲಿ ಬರೆದಿದ್ದಳು. ನಾಲ್ಕನೆಯದನ್ನು ‘ಅಭ್ಯರ್ಥಿಗಳ ಅನುಕೂಲಕ್ಕಾಗಿ’ ಮನೆಯಲ್ಲೇ, ಕ್ಯಾಮೆರಾದ ಕಾವಲಿನಲ್ಲಿ ಬರೆಯಬೇಕು ಎಂದಿರಿ. ನಮ್ಮ ಕಣಿವೆಗೆ ಇಂಟರ್ನೆಟ್ ಬರುವುದಿಲ್ಲ, ಮಾನ್ಯರೇ. ಊರಲ್ಲಿ ಅದು ಸಿಗುವುದು ಗ್ರಂಥಾಲಯದಲ್ಲಿ, ಅದು ವಾರಕ್ಕೆ ಮೂರು ದಿನ ತೆರೆಯುತ್ತದೆ, ನೀವು ಕೊಟ್ಟ ದಿನ ಮುಚ್ಚಿರುತ್ತದೆ. ಬಾಗಿಲು ಮುಚ್ಚಿದ್ದರೂ ಸಿಗ್ನಲ್ ಹೊರಗಿನ ವಾಹನ ನಿಲ್ಲಿಸುವ ಜಾಗದವರೆಗೆ ಬರುತ್ತದೆ. ರೀಥಾ ನಿಮ್ಮ ಕಚೇರಿಗೆ ಫೋನ್ ಮಾಡಿದಳು. ಫೋನಿನ ಧ್ವನಿ ಜೋರಾಗಿಟ್ಟಿದ್ದರಿಂದ ನಾನೂ ಕೇಳಿಸಿಕೊಂಡೆ.

“ಗಾಡೀಲಿ ಕೂತು ಬರೀಬಹುದಾ ಮೇಡಂ?”

“ಗಾಡಿಯೊಳಗೆ ನೀವೊಬ್ರೇ ಇದ್ದು, ಬಾಗಿಲು ಮುಚ್ಚಿದ್ರೆ ಏನೂ ತೊಂದ್ರೆ ಇಲ್ಲ. ಎಷ್ಟೋ ಜನ ಹಾಗೇ ಬರೀತಾರೆ. ಆಲ್ ದಿ ಬೆಸ್ಟ್ ಅಮ್ಮಾ.”

ಗಣಿ ಕಂಪನಿಯ ಬಾಯಿಮಾತನ್ನು ನಾನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ನಂಬಿದವನಲ್ಲ. ಪ್ರತಿಯೊಂದನ್ನೂ ಬರೆಸಿಕೊಂಡೆ, ಅದಕ್ಕೇ ಇವತ್ತು ಪಿಂಚಣಿ ಬರುತ್ತಿದೆ. ಆದರೆ ನಿಮ್ಮ ಬಾಯಿಮಾತನ್ನು ಬರೆಸಿಕೊಳ್ಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಏಕೆಂದರೆ ನೀವು ಶಾಲೆಯವರು.

ಪರೀಕ್ಷೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಅವಳು ನನ್ನ ಪಿಕಪ್ ಗಾಡಿಯಲ್ಲಿ ಕಿಟಕಿ ಏರಿಸಿ ಕೂತಳು. ನಾನು ಇಪ್ಪತ್ತು ಹೆಜ್ಜೆ ದೂರ, ರಸ್ತೆಯ ಅಂಚಿನಲ್ಲಿ ಕಾವಲು ನಿಂತೆ. ನಮ್ಮಲ್ಲಿ ನಿಂತ ಗಾಡಿಯೊಳಗೆ ಒಬ್ಬರೇ ಕೂತಿದ್ದರೆ, ನೋಡಿದವರು ಹೋಗಿ ಗಾಜು ತಟ್ಟಿ ‘ಏನಾಯ್ತು’ ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಹತ್ತೇ ನಿಮಿಷಕ್ಕೆ ಎಸ್ಟಿಲ್ ಬಂದ, ನನ್ನ ಜೊತೆ ಗಣಿಯಲ್ಲಿದ್ದವನು.

“ಏನೋ ವರ್ಡನ್, ಹುಡುಗಿ ಗಂಡನ ಜೊತೆ ಜಗಳ ಆಡ್ಕೊಂಡು ಬಂದಿದ್ದಾಳಾ?”

“ಪರೀಕ್ಷೆ ಬರೀತಿದ್ದಾಳೆ. ಮುಂದೆ ನಡಿ.”

“ಗಾಡೀಲಾ?”

“ನಿನ್ನ ದೊಡ್ಡ ಮಗ ಹುಟ್ಟಿದ್ದೇ ಗಾಡೀಲಿ. ಪರೀಕ್ಷೆ ಬರೆಯೋದಕ್ಕೇನು ಕೇಡು?”

ಅವನು ನಗುತ್ತ ಹೋದ. ಅವನ ಬೆನ್ನು ಮರೆಯಾಗುವ ಮುನ್ನವೇ ತಿರುವಿನಲ್ಲಿ ಶವ ಸಾಗಿಸುವ ಕರಿಗಾಡಿ ಬಂತು. ಹಿಂದೆ, ಹಾಡಹಗಲಲ್ಲಿ ದೀಪ ಹೊತ್ತಿಸಿಕೊಂಡು, ಇಪ್ಪತ್ತಾರು ಗಾಡಿಗಳು. ಇಲ್ಲಿ ಶವಯಾತ್ರೆ ಬಂದರೆ ಎದುರಿನಿಂದ ಬರುವ ಗಾಡಿಯೂ ಪಕ್ಕಕ್ಕೆ ನಿಲ್ಲುತ್ತದೆ. ಸೌದೆ ಸೀಳುವವನು ಕೊಡಲಿ ಕೆಳಗಿಡುತ್ತಾನೆ. ಹೋಗುತ್ತಿರುವವರು ಯಾರು ಎಂದು ಯಾರೂ ವಿಚಾರಿಸುವುದಿಲ್ಲ. ಕೊನೆಯ ಗಾಡಿ ದಾಟುವವರೆಗೆ ತಲೆ ಎತ್ತುವುದಿಲ್ಲ. ನಾನು ಟೋಪಿ ತೆಗೆದು ಎದೆಗೆ ಹಿಡಿದೆ. ಗಾಡಿಯೊಳಗೆ ರೀಥಾ ಎರಡೂ ಕೈ ಮಡಿಲಲ್ಲಿಟ್ಟು ಕಣ್ಣು ಮುಚ್ಚಿ, ಅವಳ ಅಮ್ಮ ಕಲಿಸಿದ ಪ್ರಾರ್ಥನೆ ಹೇಳಿಕೊಂಡಳು. ಗಡಿಯಾರ ಓಡುತ್ತಲೇ ಇತ್ತು, ಅದು ಅವಳಿಗೂ ಗೊತ್ತಿತ್ತು. ನಾಲ್ಕು ನಿಮಿಷ ಹತ್ತು ಸೆಕೆಂಡು. ಆಮೇಲೆ ಮತ್ತೆ ಬರೆಯಲು ಶುರುಮಾಡಿ, ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು, ಸಮಯ ಉಳಿಸಿಯೇ ಹೊರಗೆ ಬಂದಳು. “ಆಯ್ತು ಮಾವ, ಬಚ್ಚಲಿನ ಪ್ರಶ್ನೆ ಮಾತ್ರ ಬರ್ಲಿಲ್ಲ” ಎಂದಳು. ಆ ದಿನ ನಾನು ಊಟದ ಹೋಟೆಲಿನಲ್ಲಿ ಇದ್ದವರಿಗೆಲ್ಲ ಸಿಹಿ ಹಂಚಿದೆ.

ಹನ್ನೆರಡು ದಿನಕ್ಕೆ ನಿಮ್ಮ ವರದಿ ಬಂತು. ಅಭ್ಯರ್ಥಿಯ ಕಣ್ಣುಗಳು ಪರದೆಯಿಂದ ದೀರ್ಘಕಾಲ ಸರಿದಿದ್ದವು. ತುಟಿಗಳು ಅಲುಗುತ್ತಿದ್ದುದರಿಂದ ಮಡಿಲಲ್ಲಿ ಅಡಗಿಸಿಟ್ಟ ಟಿಪ್ಪಣಿಯನ್ನು ಓದಿರುವ ಸಂಭವವಿದೆ. ಹಿನ್ನೆಲೆಯಲ್ಲಿ ಕಂಡ ಅಪರಿಚಿತ ವ್ಯಕ್ತಿಯೊಬ್ಬರು ಟೋಪಿಯನ್ನು ಅಲುಗಿಸಿ ಸಂಕೇತ ನೀಡಿದ್ದಾರೆ. ಆ ಅಪರಿಚಿತ ವ್ಯಕ್ತಿ ನಾನೇ. ಮಾನ್ಯರೇ, ಗಣಿಯೊಳಗೆ ಊಟದ ಬಿಡುವಿನಲ್ಲಿ ಇಸ್ಪೀಟು ಆಡುವಾಗ ನಾನು ಮೂವತ್ತು ವರ್ಷ ಸನ್ನೆ ಮಾಡಿದ್ದೇನೆ, ಒಬ್ಬನೂ ಹಿಡಿದಿಲ್ಲ. ಮೋಸ ಮಾಡುವ ಮನಸ್ಸಿದ್ದರೆ ನಿಮ್ಮ ಕ್ಯಾಮೆರಾಕ್ಕೆ ಕಾಣುವ ಹಾಗೆ ಟೋಪಿ ತೆಗೆಯುತ್ತಿದ್ದೆನೇ? ಅಷ್ಟು ಕಳಪೆ ಕೆಲಸಗಾರ ಎಂದು ನನ್ನನ್ನು ತಿಳಿದದ್ದಕ್ಕೆ ನನಗೆ ಬೇರೆಯೇ ಬೇಸರವಿದೆ.

ಅದು ಶವಯಾತ್ರೆ ಎಂದು ನಾವು ತಿಳಿಸಿದೆವು. ಮೇಲ್ಮನವಿಗೆ ನೀವು ಕಳಿಸಿದ ನಮೂನೆಯಲ್ಲಿ ಒಂದು ಸಾಲಿತ್ತು: ‘ಮೃತರೊಂದಿಗೆ ಅಭ್ಯರ್ಥಿಯ ಸಂಬಂಧ.’ ಅಲ್ಲಿಗೆ ಬಂದಾಗ ರೀಥಾ ಪೆನ್ನು ಕೆಳಗಿಟ್ಟಳು.

“ದೊಡ್ಡಪ್ಪನ ಮಗ ಅಂತ ಬರಿ,” ಎಂದೆ. “ಈ ಊರಲ್ಲಿ ಅರ್ಧ ಜನ ನಮಗೆ ದಾಯಾದಿಗಳೇ. ಹುಡುಕಿದ್ರೆ ಎಲ್ಲೋ ಒಂದು ಕಡೆ ತಾಗತ್ತೆ.”

“ಹೋದೋರು ಯಾರು ಅಂತ ನಂಗೆ ಗೊತ್ತಿಲ್ಲ ಮಾವ.”

“ಅವರಿಗೂ ಗೊತ್ತಿಲ್ಲ. ಬರಿ.”

“ನಾನು ಸುಳ್ಳು ಹೇಳೋಳಲ್ಲ ಅಂತ ತೋರಿಸೋಕೆ ಸುಳ್ಳು ಬರೀಲಾ?”

ಅವಳು ‘ಏನೂ ಇಲ್ಲ’ ಎಂದು ಬರೆದಳು. ಮೃತರೊಂದಿಗೆ ಸಂಬಂಧ ಸಾಬೀತಾಗದ ಕಾರಣ ವಿವರಣೆ ಸಮರ್ಪಕವಲ್ಲ ಎಂದು ನೀವು ಉತ್ತರಿಸಿದಿರಿ. ನಾನು ಹೇಳಿದ ಸುಳ್ಳನ್ನು ಬರೆದಿದ್ದರೆ ಅವಳು ಇವತ್ತು ನಿಮ್ಮ ಪ್ರಾಮಾಣಿಕ ವಿದ್ಯಾರ್ಥಿನಿಯಾಗಿರುತ್ತಿದ್ದಳು. ನಿಮ್ಮ ನಿಯಮಕ್ಕೂ ನನ್ನ ಇಸ್ಪೀಟಿಗೂ ಇಷ್ಟು ಹತ್ತಿರದ ನಂಟಿದೆ ಎಂದು ನನಗೆ ಗೊತ್ತಿರಲಿಲ್ಲ. ಗಾಡಿಯಲ್ಲಿ ಬರೆಯಬಹುದೆಂದು ನೀವೇ ಹೇಳಿದಿರಲ್ಲ ಎಂದು ನೆನಪಿಸಿದರೆ, ಪರೀಕ್ಷಾ ಸ್ಥಳಕ್ಕೆ ನಾಲ್ಕು ಗೋಡೆ ಇರಬೇಕು ಎಂದಿರಿ. ‘ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತಿದೆ’ ಎಂದು ನಿಮ್ಮ ಫೋನೇ ಹೇಳಿತ್ತಲ್ಲ, ಅದನ್ನು ಕೇಳಿ ನೋಡಿ ಎಂದರೆ, ಮೂವತ್ತು ದಿನಕ್ಕೆ ಅಳಿಸಲಾಗುತ್ತದೆ ಎಂದಿರಿ. ಅವಳು ಕಣ್ಣು ಮುಚ್ಚಿದ ನಾಲ್ಕು ನಿಮಿಷ ಮಾತ್ರ ನಿಮ್ಮಲ್ಲಿ ಭದ್ರವಾಗಿದೆ. ನಿಮ್ಮವರು ಕೊಟ್ಟ ಮಾತು ಅಳಿಸಿಹೋಗಿದೆ. ಇದನ್ನು ಯಾವ ಶಾಸ್ತ್ರದಲ್ಲಿ ಕಲಿಸುತ್ತೀರಿ?

ಪರೀಕ್ಷೆ ರದ್ದಾದದ್ದನ್ನು ಅವಳು ನುಂಗಿಕೊಂಡಾಳು. ಇನ್ನೊಮ್ಮೆ ಓದಬಲ್ಲಳು, ಚೀಟಿ ಹಿಡಿಯಲು ನಾನೂ ಇದ್ದೇನೆ. ಆದರೆ ಆ ಪದ ಇರುವವರೆಗೆ ಗೆದ್ದ ಮೂರು ವಿಷಯಗಳೂ ತಡೆಯಲ್ಲಿರುತ್ತವೆ, ಪ್ರವೇಶ ಪರೀಕ್ಷೆಯ ಅಂಕ ನವೆಂಬರ್ ಕೊನೆಗೆ ಸತ್ತುಹೋಗುತ್ತದೆ. ನಾಳೆ ಬೇರೆ ಶಾಲೆಗೆ ಹೋದರೂ, ನರ್ಸಿಂಗ್ ಪರವಾನಗಿಗೆ ಅರ್ಜಿ ಹಾಕಿದರೂ, ‘ನಿಮ್ಮ ಮೇಲೆ ಅಪ್ರಾಮಾಣಿಕತೆಯ ಕ್ರಮ ಜರುಗಿದೆಯೇ’ ಎಂಬ ಪ್ರಶ್ನೆ ಬರುತ್ತದೆ. ಅವಳು ಹೌದು ಎಂದೇ ಬರೆಯುತ್ತಾಳೆ. ಇಲ್ಲ ಎಂದು ಬರೆಯುವವಳಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹೋದ ಗುರುವಾರ ಅವಳ ಜೊತೆ ಪೇಟೆಗೆ ಹೋಗುತ್ತಿದ್ದೆ. ಸೇತುವೆಯ ಹತ್ತಿರ ಎದುರಿಗೆ ಒಂದು ಶವಯಾತ್ರೆ ಬಂತು. ಅವಳು ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ನಾನು ಟೋಪಿ ತೆಗೆದೆ. ಪಕ್ಕಕ್ಕೆ ನೋಡಿದರೆ, ಕೈ ಸ್ಟೀರಿಂಗಿನ ಮೇಲೇ ಇತ್ತು, ತಲೆ ನೆಟ್ಟಗಿತ್ತು, ಕಣ್ಣು ತೆರೆದೇ ಇತ್ತು. ಗಾಜಿನ ಆಚೆ ಒಂದೇ ಕಡೆ ನೋಡುತ್ತಿದ್ದಳು, ರೆಪ್ಪೆಯನ್ನೂ ಬಡಿಯದೆ. ಕೊನೆಯ ಗಾಡಿ ದಾಟಿದ ಮೇಲೆ “ಹೋಗೋಣ್ವಾ ಮಾವ” ಎಂದಳು. ನಾನು ಟೋಪಿ ಹಾಕಿಕೊಂಡೆ.

ಆದ್ದರಿಂದ ಕೇಳುತ್ತಿದ್ದೇನೆ. ಅಂಕ ಕೊಡಿ ಎನ್ನುವುದಿಲ್ಲ, ದಯೆ ತೋರಿ ಎನ್ನುವುದಿಲ್ಲ. ನವೆಂಬರ್ ಮುಗಿಯುವುದರೊಳಗೆ ಅವಳಿಗೆ ಮತ್ತೆ ಪರೀಕ್ಷೆಗೆ ಕೂರಲು ಒಂದು ದಿನ ಕೊಡಿ, ಗೋಡೆಗಳಿರುವ ಜಾಗವನ್ನು ನಾವೇ ಹುಡುಕಿಕೊಳ್ಳುತ್ತೇವೆ. ಅದಕ್ಕೂ ಮೊದಲು ನಿಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಆ ನಾಲ್ಕು ನಿಮಿಷ ಹತ್ತು ಸೆಕೆಂಡುಗಳನ್ನು ನೀವೇ ಕೂತು ನೋಡಿ. ಯಂತ್ರಕ್ಕೆ ಒಪ್ಪಿಸಬೇಡಿ, ಸಹಾಯಕರಿಗೆ ದಾಟಿಸಬೇಡಿ. ನೋಡಿದ ಮೇಲೆ ಆ ಪದವನ್ನು ಹೊಡೆದುಹಾಕಿ. ಇಲ್ಲ, ಅದು ಅಲ್ಲೇ ಇರಬೇಕು ಎಂದು ನಿಮಗೆ ಅನ್ನಿಸಿದರೆ ಇರಲಿ, ಆದರೆ ಇಲ್ಲಿಯವರೆಗೆ ಬಂದ ಒಂದು ಕಾಗದದಲ್ಲೂ ಮನುಷ್ಯರ ಸಹಿ ಇಲ್ಲ. ಆ ಪದದ ಕೆಳಗೆ ನಿಮ್ಮ ಕೈಯಾರೆ ನಿಮ್ಮ ಹೆಸರು ಬರೆಯಿರಿ.

ಇಂತಿ,
ಜಂಬ ಕೊಚ್ಚಿಕೊಳ್ಳಲು ಸದ್ಯಕ್ಕೆ ಏನೂ ಉಳಿದಿರದ ಸೋದರಮಾವ,
ವರ್ಡನ್ ಕಾಡಿಲ್
ಮಡ್ಡಿ ಫೋರ್ಕ್