ಉಡಿಯ ಅಕ್ಕಿ ಮತ್ತು ನಂಟಿಲ್ಲದ ಆಣೆ

ಗಡಿಶಕೆ ಎಪ್ಪತ್ತೊಂದು, ಹದಿಮೂರನೆಯ ತಿಂಗಳು, ಎರಡನೆಯ ಮಂಗಳವಾರ
ಘಟಪ್ರಭಾ ನಾಡು, ಕೃಷ್ಣೆಯ ತೆಂಕಣ ದಡ

ನಮಗಿಂತ ಮೊದಲು ಬಾಳಿದವರಿಗೆ,

ಇಂಥ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ಹೊಳೆಯ ಎರಡು ದಡಗಳು ಎರಡು ದೇಶಗಳಾದಾಗ ಯಾರ ಪಂಚಾಂಗ ನಡೆಯಬೇಕೆಂಬುದೇ ದೊಡ್ಡ ಜಗಳವಾಯಿತಂತೆ. ಕೊನೆಗೆ ಪ್ರತಿ ತಿಂಗಳಿಂದ ಒಂದೆರಡು ದಿನ ಕಿತ್ತು, ಯಾರಿಗೂ ಸೇರದ ಹದಿಮೂರನೆಯ ತಿಂಗಳೊಂದನ್ನು ಮಾಡಿದರು. ಅದನ್ನು ನಾವು ನೋಟದ ತಿಂಗಳು ಎನ್ನುತ್ತೇವೆ. ವರ್ಷದಲ್ಲಿ ಆ ತಿಂಗಳು ಮಾತ್ರ ಸೇತುವೆ ತೆರೆಯುತ್ತದೆ. ಈ ಪತ್ರದಲ್ಲಿ ಇಂಥ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅವು ನನಗೂ ವಿಚಿತ್ರವಾಗಿ ಕೇಳಿಸಲಿ ಎಂದೇ ನಾನು ದಿನವೂ ಪ್ರಯತ್ನಪಡುತ್ತೇನೆ. ಏಕೆಂದರೆ ರೂಢಿಯಾದ ಅನ್ಯಾಯ ಕಣ್ಣಿಗೆ ಕಾಣುವುದಿಲ್ಲ.

ನನ್ನ ಹೆಸರು ದಾನಮ್ಮ. ಶಾಲೆಗೆ ಹೆಚ್ಚು ಹೋದವಳಲ್ಲ. ನನಗೆ ತಿಳಿದಿದ್ದೆಲ್ಲ ಕೈಹಾಳೆಗಳಿಂದ, ಅಂದರೆ ಹಿಟ್ಟಿನ ಗಿರಣಿಯ ಗೋಡೆಗೆ ಯಾರೋ ಅಂಟಿಸಿ ಹೋಗುವ, ಮಧ್ಯಾಹ್ನದೊಳಗೆ ಪೊಲೀಸರು ಕೆರೆದು ಹಾಕುವ ಒಂದೊಂದು ಪುಟದ ಬರಹಗಳಿಂದ ತಿಳಿದದ್ದು. ಅವುಗಳಲ್ಲಿ ನಿಮ್ಮ ಕಾಲದ ವೀಸಾ ನಿಯಮಗಳ ಬಗ್ಗೆಯೂ ಓದಿದ್ದೇನೆ. ಬೇರೆ ದೇಶ ನೋಡಲು ಹೊರಟವರು ತಮ್ಮ ಮನೆ, ನೌಕರಿ, ಮಕ್ಕಳು ಎಲ್ಲ ಇಲ್ಲೇ ಇವೆ, ತಿರುಗಿ ಬಂದೇ ಬರುತ್ತೇವೆ ಎಂದು ತೋರಿಸಬೇಕಿತ್ತಂತೆ. ಹುಟ್ಟಿದ ನೆಲದೊಂದಿಗೆ ನಂಟು ಇದೆಯೆಂದು ಸಾಬೀತು ಮಾಡಿದವರಿಗೆ ಬಾಗಿಲು ತೆರೆಯುತ್ತಿತ್ತು. ನಮ್ಮಲ್ಲಿ ಅದು ತಿರುವುಮುರುವಾಗಿದೆ. ಹೋಗುವ ನೆಲದೊಂದಿಗೆ ನಮಗೆ ಯಾವ ನಂಟೂ ಇಲ್ಲವೆಂದು ನಾವು ಸಾಬೀತು ಮಾಡಬೇಕು.

ಮೊದಲು ಹೀಗಿರಲಿಲ್ಲ. ಬಂಧುಗಳನ್ನು ಕಾಣಲು ಒಂದು ಚೀಟಿ, ಊರು ನೋಡಲು ಒಂದು ಚೀಟಿ, ಹೀಗೆ ಎರಡು ಬಗೆಯ ಪರವಾನಗಿ ಇದ್ದವು. ಬಂಧುಗಳಾಗಿ ಬಂದವರು ಬೇಗ ಹೊರಡುವುದಿಲ್ಲ, ಬಾಣಂತನಕ್ಕೆ ನಿಲ್ಲುತ್ತಾರೆ, ಸತ್ತವರ ಮನೆಯಲ್ಲಿ ಕೂತುಬಿಡುತ್ತಾರೆ ಎಂಬ ಕಾರಣ ಕೊಟ್ಟು ಮೊದಲನೆಯದನ್ನು ನಿಲ್ಲಿಸಿದರು. ಆಗ ನಾನು ತೊಟ್ಟಿಲಲ್ಲಿದ್ದೆ. ಈಗ ಉಳಿದಿರುವುದು ನೋಟದ ಚೀಟಿ ಒಂದೇ. ಅದನ್ನು ಪಡೆಯುವವರು ಕಚೇರಿಯಲ್ಲಿ ನಿಂತು ನಂಟಿಲ್ಲದ ಆಣೆ ಮಾಡಬೇಕು: ಆ ದಡದಲ್ಲಿ ನನಗೆ ಯಾರೂ ಇಲ್ಲ, ಆ ಊರು ನನಗೆ ಗೊತ್ತಿಲ್ಲ, ನಾನು ನೋಡಲು ಮಾತ್ರ ಹೋಗುತ್ತಿದ್ದೇನೆ. ಆಣೆ ಸುಳ್ಳೆಂದು ತಿಳಿದರೆ ಅವರನ್ನು ಎರಡೂ ದೇಶಗಳ ಪಟ್ಟಿಯಿಂದ ತೆಗೆದು ನಡುಗಡ್ಡೆಗೆ ಬಿಡುತ್ತಾರೆ. ಹೊಳೆಯ ನಡುವಿನ ಆ ಮರಳುದಿಬ್ಬದ ಮೇಲೆ ಈಗ ತಗಡಿನ ಗುಡಿಸಲುಗಳ ಒಂದು ಊರೇ ಇದೆ. ಮಹಾಪೂರ ಬಂದಾಗ ಎರಡೂ ದಡಗಳಿಂದ ಜನ ನಿಂತು ನೋಡುತ್ತಾರೆ. ಯಾವ ದಡದ ದೋಣಿಯೂ ಹೋಗುವುದಿಲ್ಲ. ಹೋದರೆ ದೋಣಿಯವನಿಗೆ ಅಲ್ಲಿ ನಂಟಿದೆ ಎಂದಾಗುತ್ತದೆ.

ಆಣೆ ಮಾಡಿದರಷ್ಟೇ ಸಾಲದು, ಅದರಂತೆ ನಡೆದುಕೊಳ್ಳಬೇಕು. ಪ್ರವಾಸಿಗಳು ಹಳದಿ ಪಟ್ಟಿ ಕಟ್ಟಿಕೊಂಡು ಗುಂಪಿನಲ್ಲಿಯೇ ತಿರುಗುತ್ತಾರೆ. ಜೊತೆಗೆ ಕಾವಲುಗಣ್ಣು ಎಂಬ ಸರಕಾರಿ ಮಾರ್ಗದರ್ಶಿ ಇರುತ್ತಾನೆ. ಓಣಿಯ ತಿರುವನ್ನು ಅವನಿಗಿಂತ ಮೊದಲು ತಿರುಗುವಂತಿಲ್ಲ, ಬಾವಿಯ ಹೆಸರು ಹೇಳುವಂತಿಲ್ಲ, ಅಳುವಂತಿಲ್ಲ. ಕಂಡದ್ದಕ್ಕೆಲ್ಲ ಬೆರಗಾಗಬೇಕು, ಬೆಲೆ ಕೇಳಬೇಕು. ಈಸಿ ಬಂದ ಎಮ್ಮೆಗೂ ದಂಡ ಕಟ್ಟಿಸುವ ಗಡಿ ಇದು. ಆದರೆ ಎಮ್ಮೆ ತನ್ನ ಹಳೆಯ ಕೊಟ್ಟಿಗೆಯ ಮುಂದೆ ನಿಂತು ಕೂಗಿದರೆ ಅದನ್ನು ನಡುಗಡ್ಡೆಗೆ ಕಳಿಸುವುದಿಲ್ಲ.

ನನ್ನ ತಾಯಿ ನಿಂಬೆವ್ವನಿಗೆ ಒಬ್ಬಳೇ ತಂಗಿ, ನನ್ನ ಚಿಗವ್ವ ಸಾವಂತ್ರೆವ್ವ. ಬಂಧುಚೀಟಿ ಇದ್ದ ಕಾಲದಲ್ಲಿ ಅವಳನ್ನು ಬಡಗಣ ದಡದ ಡೋಣಿ ನಾಡಿಗೆ ಮದುವೆ ಮಾಡಿ ಕೊಟ್ಟರು. ನನ್ನಪ್ಪ ಮನೆ ಅಳಿಯನಾಗಿ ಬಂದಿದ್ದರಿಂದ ಅವ್ವ ಹುಟ್ಟಿದ ಮನೆಯಲ್ಲೇ ಉಳಿದಳು. ಹೀಗಾಗಿ ನಾವಿರುವ ಮನೆ ಚಿಗವ್ವನ ತವರು. ಬಂಧುಚೀಟಿ ನಿಂತ ಮೇಲೆ ಅಕ್ಕತಂಗಿಯರು ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅವ್ವ ಒಂದು ದಾರಿ ಕಂಡುಕೊಂಡಳು. ಪ್ರವಾಸಿಗಳಿಗೆ ನಮ್ಮ ನಾಡಿನ ಬದುಕು ತೋರಿಸಲು ಸರಕಾರ ಊರಿಗೊಂದು ನೋಟದ ಮನೆ ಆರಿಸುತ್ತದೆ. ಅವ್ವ ಅರ್ಜಿ ಹಾಕಿ, ಗೋಡೆಗೆ ಸುಣ್ಣ ಹೊಡೆಸಿ, ನಮ್ಮ ಮನೆಯನ್ನು ನೋಟದ ಮನೆ ಮಾಡಿಸಿದಳು. ಅದಾದ ಮೇಲೆ ಪ್ರತಿ ಹದಿಮೂರನೆಯ ತಿಂಗಳು ಚಿಗವ್ವ ಆಣೆ ಮಾಡಿ, ಹಳದಿ ಪಟ್ಟಿ ಕಟ್ಟಿಕೊಂಡು, ತಾನು ಹುಟ್ಟಿದ ಮನೆಯ ಹೊಸ್ತಿಲನ್ನು ಪರದೇಶದವಳಾಗಿ ದಾಟತೊಡಗಿದಳು.

ಈ ವರ್ಷವೂ ಬಂದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೆಂಗಸರ ಗುಂಪು ಸುತ್ತ ನಿಂತಿತ್ತು. ಚಿಗವ್ವ ತಾನು ಸಣ್ಣವಳಿದ್ದಾಗ ಕಾರ ಕುಟ್ಟಿದ ಒರಳನ್ನು ತೋರಿಸಿ, "ಇದೇನ್ರೀ ಇದು?" ಎಂದು ಕೇಳಿದಳು.

"ಇದಕ್ಕ ಒಳ್ಳು ಅಂತಾರ್ರೀ," ಎಂದಳು ಅವ್ವ, ಮುಖ ಎತ್ತದೆ. "ನಿಮ್ಮ ದೇಶದಾಗ ಇಲ್ಲೇನ್ರಿ?"

"ಇಲ್ರೀ. ರೊಟ್ಟಿ ಬಡಿಯೂದು ಭಾಳ ಕಠಿಣ ಏನ್ರಿ?"

"ಮೈಗಳ್ಳರಿಗೆ ಕಠಿಣರಿ. ನಮ್ಮನ್ಯಾಗೂ ಒಬ್ಬಾಕಿ ಇದ್ಲು, ರೊಟ್ಟಿ ಬಡಿ ಅಂದ್ರ ಹೊಟ್ಟಿನೋವು ಅಂತ ಮಲಗತಿದ್ಲು."

"ಪಾಪ, ಖರೇನ ನೋಯತಿತ್ತೇನೋ ರೀ. ಅಕ್ಕ ಆದಾಕಿ ಒಂದಿನಾನೂ ನಂಬಲಿಲ್ಲೇನು?"

ಗುಂಪಿನ ಹೆಂಗಸರು ನಕ್ಕರು. ಕಾವಲುಗಣ್ಣು ಮುರಿಗೆಪ್ಪನೂ ನಕ್ಕ. ನಾನು ಮಾತ್ರ ಬಾಗಿಲಲ್ಲಿ ನಿಂತು ಮುರಿಗೆಪ್ಪನನ್ನೇ ನೋಡುತ್ತಿದ್ದೆ. ಇಬ್ಬರ ದನಿಯೂ ಒಂದೇ ಎಂದು ಇವನಿಗೆ ಕೇಳಿಸುತ್ತಿಲ್ಲವೇ ಎಂದುಕೊಳ್ಳುತ್ತಿದ್ದೆ.

ಹೊರಡುವ ಹೊತ್ತಿಗೆ ತಪ್ಪು ನಡೆಯಿತು. ನಮ್ಮ ಕಡೆ ಮುತ್ತೈದೆಯೊಬ್ಬಳು ತವರಿಂದ ಹೊರಟಾಗ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಾರೆ. ನಿಮ್ಮಲ್ಲಿಯೂ ಇತ್ತೆಂದು ಅವ್ವ ಹೇಳುತ್ತಾಳೆ. ಇಷ್ಟು ವರ್ಷ ಅವಳು ಕೈ ಬಿಗಿಹಿಡಿದಿದ್ದಳು. ಈ ಸಲ ಚಿಗವ್ವನ ಕೂದಲು ಬೆಳ್ಳಗಾಗಿದ್ದನ್ನು ಕಂಡಳೋ ಏನೋ, ಒಳಗೆ ಹೋಗಿ ಮೊರ ತಂದು, ಎಲ್ಲರೆದುರು ತಂಗಿಯ ಸೆರಗಿಗೆ ಅಕ್ಕಿ ಸುರಿದೇಬಿಟ್ಟಳು. ಪ್ರವಾಸಿಗೆ ಕಾಳು ಕೊಡುವುದು ನಂಟಿನ ಗುರುತು. ಮುರಿಗೆಪ್ಪನ ನಗು ನಿಂತಿತು.

ಅವ್ವ ಹಿಂದೆ ತಿರುಗಿ, "ಬರ್ರಿ, ಎಲ್ಲಾರೂ ಸೆರಗು ಒಡ್ರಿ," ಎಂದಳು. "ನಮ್ಮ ದೇಶದ ಪದ್ಧತಿ ನೋಡಾಕ ಬಂದೀರಿ, ಬರಿಗೈಲೆ ಹೊಕ್ಕೀರೇನು?" ಪ್ರತಿಯೊಬ್ಬಳ ಉಡಿಯನ್ನೂ ತುಂಬಿದಳು. ಅಕ್ಕಿಯ ಕಣಜದ ಬುಡ ಕಂಡಿತು. ಹೆಂಗಸರೆಲ್ಲ ಖುಷಿಯಿಂದ ಬಂಡಿ ಹತ್ತಿದರು. ಮುರಿಗೆಪ್ಪ ತಲೆ ಎಣಿಸಿ ತಾನೂ ಹತ್ತಿದ. ಒಬ್ಬಳ ಗುರುತನ್ನು ಅವ್ವ ಹಲವರಲ್ಲಿ ಮುಚ್ಚಿಹಾಕಿದಳೆಂದು ನನಗೆ ಹೆಮ್ಮೆಯಾಯಿತು.

ನೋಟದ ಮನೆಯವರೊಬ್ಬರು ಪ್ರವಾಸಿಗಳನ್ನು ಸೇತುವೆಯ ತನಕ ಕಳಿಸಿ ಸಹಿ ಹಾಕಬೇಕಾದ್ದರಿಂದ ನಾನೂ ಹೋದೆ. ಗಡಿ ಅಧಿಕಾರಿ ತುಂಬಿದ ಸೆರಗುಗಳನ್ನು ನೋಡಿದ. ಮುರಿಗೆಪ್ಪ ಅವನ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿ ಗದರಲಿಲ್ಲ. ಬಹಳ ಮೆತ್ತಗೆ, "ಗಾಬರಿ ಆಗಬ್ಯಾಡ್ರಿ ಅಕ್ಕಾರ. ಪರದೇಶದ ಕಾಳು ಒಯ್ಯಾಕ ಬರೂದಿಲ್ಲ. ಹೊಳಿಗೆ ಸುರುವಿ ದಾಟ್ರಿ," ಎಂದ. ಹೆಂಗಸರು ಒಬ್ಬೊಬ್ಬರಾಗಿ ಸೇತುವೆಯ ಅಂಚಿನ ಕಟಾಂಜನದ ಹತ್ತಿರ ಹೋಗಿ, ಅಕ್ಕಿಯನ್ನು ಕಣ್ಣಿಗೊತ್ತಿಕೊಂಡು, ನೀರಿಗೆ ಸುರಿದು ದಾಟಿದರು. ಚಿಗವ್ವ ಒಬ್ಬಳೇ ಸೆರಗು ಬಿಗಿಹಿಡಿದು ನಿಂತಿದ್ದಳು.

"ಸುರುವ್ರಿ."

"ಒಲ್ಲೆರಿ."

ದಾಟಿದ ಹೆಂಗಸೊಬ್ಬಳು ಆಚೆಯಿಂದ, "ಏ, ಚೆಲ್ಲಿ ಬಾರವಾ, ಯಾರದೋ ಮನೀ ಅಕ್ಕಿ!" ಎಂದು ಕೂಗಿದಳು. ಚಿಗವ್ವ ತಲೆಯಲ್ಲಾಡಿಸಿದಳು. ತವರಿನ ಉಡಿಯನ್ನು ಹೊಳೆಗೆ ಚೆಲ್ಲುವುದು ಆ ಕೈಗಳಿಗೆ ಆಗುವ ಕೆಲಸವಾಗಿರಲಿಲ್ಲ. ಅಧಿಕಾರಿಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಅವಳನ್ನು ಸೇತುವೆಯ ನಡುವಿನ ತಡೆಮನೆಯಲ್ಲಿ ಕೂರಿಸಿ, ಅವ್ವನನ್ನು ಕರೆತರಲು ನನ್ನನ್ನೇ ಕಳಿಸಿದ.

ಬರುವ ದಾರಿಯುದ್ದಕ್ಕೂ ನಾನು ಅವ್ವನಿಗೆ ಕೈಹಾಳೆಗಳ ಮಾತು ಹೇಳಿದೆ. ಸುಳ್ಳಿನ ಮೇಲೆ ನಿಂತ ಕಾನೂನು ಒಬ್ಬರು ನಿಜ ಹೇಳಿದರೆ ಕುಸಿಯುತ್ತದೆ, ಖರೇ ಹೇಳಿಬಿಡು ಎಂದೆ. ಅವ್ವ ನಿಂತು ನನ್ನನ್ನು ನೋಡಿದಳು.

"ಖರೇ ಹೇಳಿದ ಮ್ಯಾಲ ನಡುಗಡ್ಡಿಗೆ ಯಾರು ಹೊಕ್ಕಾರ ಅಂತ ನಿನ್ನ ಹಾಳ್ಯಾಗ ಬರದಾರೇನು? ಅಕೀಗೂ ಮಕ್ಕಳದಾವ."

ಅದು ನಾನು ಓದಿದ ಯಾವ ಹಾಳೆಯಲ್ಲೂ ಇರಲಿಲ್ಲ. ಈಗಲೂ ಇಲ್ಲ.

ತಡೆಮನೆಯಲ್ಲಿ ಅಧಿಕಾರಿ ಕೇಳಿದ, ಈಕೆ ನಿಮಗೇನಾಗಬೇಕು ಎಂದು. ಅವ್ವ, "ಯಾರೂ ಅಲ್ಲ," ಎಂದಳು. ಯಾರೂ ಅಲ್ಲದಿದ್ದರೆ ನಿಮ್ಮ ಅಕ್ಕಿಯನ್ನು ಯಾಕೆ ಬಿಡುತ್ತಿಲ್ಲ ಎಂದು ಕೇಳಿದ. ಅವ್ವ ತಂಗಿಯ ಹತ್ತಿರ ಹೋಗಿ, ಬಿಗಿದ ಬೆರಳುಗಳನ್ನು ಬಿಡಿಸಿ, ಬೊಗಸೆ ಬೊಗಸೆ ಅಕ್ಕಿ ತೆಗೆದು ಕಿಟಕಿಯಿಂದ ಹೊಳೆಗೆ ಎಸೆದಳು. ಕೊಬ್ಬರಿ ಎಸೆದಳು. ಖಣ ಗಾಳಿಗೆ ಬಿಚ್ಚಿಕೊಂಡು ಹೋಯಿತು. "ನೋಡ್ರಿ. ಹುಚ್ಚಿ ಅದಾಳ ಯಾರೋ. ಬಿಟ್ಟು ಕಳಸ್ರಿ," ಎಂದಳು. ಚಿಗವ್ವ ಅಳಲಿಲ್ಲ. ಅತ್ತಿದ್ದರೆ ಅದೂ ಗುರುತಾಗುತ್ತಿತ್ತು. ಖಾಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಿರುಗಿ ನೋಡದೆ ಬಡಗಣ ದಡಕ್ಕೆ ನಡೆದಳು. ಗುಮಾನಿ ಬಂದ ಮೇಲೆ ಅವಳಿಗೆ ಇನ್ನು ಚೀಟಿ ಸಿಗುವುದಿಲ್ಲ. ನಮ್ಮ ಮನೆ ಇನ್ನು ನೋಟದ ಮನೆಯಲ್ಲ.

ಆದರೆ ಕಡತ ಮುಚ್ಚಿಲ್ಲ. ಮನೆಯ ಪ್ರಾಯದವರೆಲ್ಲ ಒಬ್ಬೊಬ್ಬರಾಗಿ, ಅವಳು ನಮಗೆ ಯಾರೂ ಅಲ್ಲ ಎಂಬ ಅದೇ ಮಾತನ್ನು ಅಧಿಕಾರಿಯ ಮುಂದೆ ಹೇಳಬೇಕಂತೆ. ಅಪ್ಪ ನಿನ್ನೆ ಹೇಳಿ ಬಂದ. ನಾಳೆ ನನ್ನ ಸರದಿ. ನಾನು ನಿಜ ಹೇಳಿದರೆ ಅವ್ವನ ಮಾತು ಸುಳ್ಳಾಗುತ್ತದೆ, ಅವಳೂ ಚಿಗವ್ವನೂ ನಡುಗಡ್ಡೆ ಸೇರುತ್ತಾರೆ. ಗಿರಣಿಯ ಗೋಡೆಯ ಮುಂದೆ ನಿಂತು ಅಷ್ಟೆಲ್ಲ ಓದಿದ ನಾನು ನಾಳೆ ಏನು ಹೇಳುವೆನೆಂದು ನನಗೆ ಗೊತ್ತು. ಅದಕ್ಕೇ ಹೆದರಿಕೆ. ಹೇಳುತ್ತ ಹೇಳುತ್ತ ಒಂದು ದಿನ ನಾವು ಅದನ್ನು ನಂಬಿಬಿಡುತ್ತೇವೆ. ಈಚೆಗೆ ನಮ್ಮ ನಾಡಿನೊಳಗೇ ಒಂದು ತಾಲೂಕಿನಿಂದ ಇನ್ನೊಂದಕ್ಕೆ ನೋಟದ ಚೀಟಿ ತರುವ ಮಾತು ಕೇಳಿಬರುತ್ತಿದೆ. ಸಂತೆಯಲ್ಲಿ ಜನ ಅದನ್ನು ಒಳ್ಳೆಯದೇ ಎಂದು ಹೇಳುತ್ತಿದ್ದಾರೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅರ್ಜಿಗಳಲ್ಲಿ ಎಲ್ಲೋ ಒಂದು ಕಡೆ, ಅಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಇರುತ್ತದಂತೆ. ಅದನ್ನು ತುಂಬುವ ಮೊದಲು, ಯಾಕೆ ಕೇಳುತ್ತೀರಿ ಎಂದು ನೀವೂ ಕೇಳಿ. ಸಾಲಿನಲ್ಲಿ ಹಿಂದೆ ನಿಂತವರು ಬೈದರೂ ಕೇಳಿ. ನಿಮ್ಮ ಕೆಲಸ ಕೆಟ್ಟರೂ ಕೇಳಿ. ಆ ಪ್ರಶ್ನೆಗೆ ಇದ್ದಾರೆ ಎಂದು ಬರೆಯುವುದು ಅಪರಾಧವಾಗದಂತೆ ನೋಡಿಕೊಳ್ಳಲು ನಿಮಗೆ ಇನ್ನೂ ಸಮಯವಿದೆ, ನಮಗಿಲ್ಲ.

ನಾಳೆ ಬಾಯಿಂದ ಬೇರೆ ಮಾತು ಹೊರಡುವ ಮೊದಲೇ ನಿಮ್ಮ ಮುಂದೆ ಇದನ್ನು ಬರೆದಿಡುತ್ತಿದ್ದೇನೆ. ಸಾವಂತ್ರೆವ್ವ ನನ್ನ ಚಿಗವ್ವ. ನನ್ನ ತಾಯಿಯ ಒಡಹುಟ್ಟಿದವಳು. ನಾವು ಅವಳವರು.

ದಾನಮ್ಮ